‘ಬರೀ ಆಡಿಸ್ತಾರೆ’ ಅನ್ನೋ ಮುಂಚೆ ಹದಿನೈದು ನಿಮಿಷ ಕೂತು ನೋಡಿ

1/7

ನಮ್ಮ ಕಡೆ ಅಂಗನವಾಡಿ ಬಗ್ಗೆ ಯಾರನ್ನಾದ್ರೂ ಕೇಳಿ, ಬರೋದು ಒಂದೇ ಉತ್ತರ. "ಅಯ್ಯೋ, ಅಲ್ಲೇನ್ ಹೇಳ್ಕೊಡ್ತಾರೆ, ಬರೀ ಆಡಿಸ್ತಾರೆ." ಶ್ರೀರಂಗಪಟ್ಟಣದಲ್ಲಿ ಕೇಳಿದ್ರೂ ಅದೇ, ಪಾಂಡವಪುರದಲ್ಲೂ ಅದೇ. ಕೆ.ಆರ್. ಪೇಟೆ, ನಾಗಮಂಗಲದ ಬಸ್ಸಲ್ಲಿ ಬರೋ ನಮ್ಮ ಕ್ಲಾಸ್‌ಮೇಟ್ಸ್ ಬಾಯಲ್ಲೂ ಅದೇ ಮಾತು.

ನಾನು ಹೇಳೋದು ಇಷ್ಟೇ: ಮೂರು-ನಾಲ್ಕು ವರ್ಷದ ಮಗುಗೆ ಆಟಾನೇ ಓದು. ಆಟ ಮುಗಿದ ಮೇಲೆ ಓದು ಶುರುವಾಗಲ್ಲ. ‘ಬರೀ ಆಡಿಸ್ತಾರೆ’ ಅಂತ ನಾವು ಮೂಗು ಮುರೀತೀವಲ್ಲ, ಆ ಮಾತಿಂದಾನೇ ಅಲ್ಲಿ ನಡೀತಿರೋ ಒಳ್ಳೇದು ಹಾಳಾಗ್ತಿದೆ.

ನಮಗೆ ಇಪ್ಪತ್ತು ವರ್ಷ, ಇದೆಲ್ಲಾ ನಮಗ್ಯಾಕೆ ಅಂತೀರಾ? ಅಕ್ಕನ ಮಗೂನೋ ಅಣ್ಣನ ಮಗೂನೋ ಎಲ್ಲಿಗೆ ಸೇರಿಸೋದು ಅಂತ ಮನೇಲಿ ಮಾತು ಬಂದಾಗ, "ನೀನು ಕಾಲೇಜು ಓದ್ತಿದೀಯ, ನೀನೇ ಹೇಳು" ಅಂತ ಕೇಳೋದು ನಮ್ಮನ್ನೇ. ಅಡ್ಮಿಷನ್ ಫಾರಂ ತುಂಬಿಸೋದೂ ನಮ್ಮ ಕೈಲೇ. ಹಂಗಾಗಿ ಇದು ನಮ್ಮ ವಿಷಯಾನೇ.

(ಫೋಟೋದಲ್ಲಿ ಇರೋದು ಇಟ್ಟಿಗೆ, ಕಡ್ಡಿ, ಹುಣಸೆ ಬೀಜ ಅಷ್ಟೇ. ಹೈಕ್ಳ ಮುಖ ಬೇಕು ಅಂತಾನೇ ಹಾಕಿಲ್ಲ. ಯಾಕೆ ಅಂತ ಕೊನೇಲಿ ಹೇಳ್ತೀನಿ.)

2/7

ಎನ್ನೆಸ್ಸೆಸ್ ಕ್ಯಾಂಪಿಗೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಗೆ ಏಳು ದಿನ ಹೋಗಿದ್ವಿ. ನಾವಿದ್ದ ಜಾಗದ ಪಕ್ಕದಲ್ಲೇ ಅಂಗನವಾಡಿ. ಬೆಳಿಗ್ಗೆ ಶ್ರಮದಾನ ಮುಗಿಸಿ ಟೀಚರನ್ನ ಕೇಳ್ಕೊಂಡು ಅದರ ಜಗಲಿ ಮೇಲೆ ಕೂತ್ಕೊತಿದ್ದೆ. ನೋಡಿದ್ದನ್ನ ಹಂಗಂಗೇ ಬರೀತೀನಿ.

ಒಂದು ನಾಲ್ಕು ವರ್ಷದ ಹುಡುಗಿ. ಎರಡು ಇಟ್ಟಿಗೆ ಇಟ್ಟಳು, ಅದು ಟ್ರ್ಯಾಕ್ಟರ್. ಹಿಂದೆ ಒಂದು ರಟ್ಟಿನ ಡಬ್ಬ, ಅದು ಟ್ರೈಲರ್. ಒಣಗಿದ ಕಡ್ಡಿಗಳೇ ಕಬ್ಬು. ಕಬ್ಬು ತುಂಬ್ತಾಳೆ, ಬೀಳುತ್ತೆ. ಮತ್ತೆ ತುಂಬ್ತಾಳೆ, ಮತ್ತೆ ಬೀಳುತ್ತೆ. ಚಿಕ್ಕ ಕಡ್ಡಿ ಕೆಳಗೆ, ಉದ್ದದ್ದು ಮೇಲೆ ಇಡ್ತಿದ್ಲು, ಅದಕ್ಕೇ ಜಾರ್ತಿತ್ತು. ಯಾರೂ ಹೇಳ್ಕೊಡಲಿಲ್ಲ. ನಾಲ್ಕನೇ ಸಲವೋ ಐದನೇ ಸಲವೋ ಎಲ್ಲಾ ಸುರಿದು, ಉದ್ದದ್ದೆಲ್ಲಾ ಒಂದು ಕಡೆ, ಚಿಕ್ಕದ್ದೆಲ್ಲಾ ಒಂದು ಕಡೆ ಮಾಡಿ, ಉದ್ದದ್ದನ್ನ ಮೊದಲು ಹಾಕಿದ್ಲು. ನಿಂತ್ಕೊಳ್ತು.

ಅಷ್ಟೊತ್ತಿಗೆ ಜಗಳ. ಡ್ರೈವರ್ ಯಾರು? ಇಬ್ಬರು ಹುಡುಗರಿಗೂ ಡ್ರೈವರೇ ಆಗಬೇಕು. ಸ್ವಲ್ಪ ಹೊತ್ತು ಎಳೆದಾಟ ಆಯ್ತು, ಒಬ್ಬ ಅತ್ತ. ಆಮೇಲೆ ಅತ್ತೋನೇ ಕಣ್ಣೊರೆಸ್ಕೊಂಡು, "ಹಂಗಾದ್ರೆ ನಾನು ತೂಕದೋನು, ನಾನು ಬಿಟ್ರೇನೇ ಗಾಡಿ ಒಳಗೆ ಹೋಗೋದು" ಅಂದ. ಫ್ಯಾಕ್ಟ್ರಿ ಗೇಟಲ್ಲಿ ಕಬ್ಬಿನ ಗಾಡಿ ಸಾಲು ನಿಲ್ಲೋದನ್ನ ನೋಡಿರೋ ಮಗು ಅದು. ಡ್ರೈವರ್‌ಗಿಂತ ದೊಡ್ಡ ಕೆಲಸ ಹುಡುಕ್ಕೊಂಡುಬಿಟ್ಟ!

ಇನ್ನೊಂದು ಮಗು, ಮೂರು ವರ್ಷ ಇರಬಹುದು. ಎರಡು ದಿನ ಸುಮ್ನೆ ಪಕ್ಕದಲ್ಲಿ ನಿಂತು ನೋಡ್ತಿತ್ತು. ಮೂರನೇ ದಿನ ಒಂದೇ ಒಂದು ಕಡ್ಡಿ ತಂದು ಡಬ್ಬಕ್ಕೆ ಹಾಕಿ ಓಡಿಹೋಯ್ತು. ಐದನೇ ದಿನದ ಹೊತ್ತಿಗೆ ಟ್ರೈಲರ್ ತಳ್ಳೋ ಕೆಲಸ ಅದರದ್ದೇ.

ಟೀಚರ್ ಏನ್ ಮಾಡ್ತಿದ್ರು? ದೂರದಿಂದ ನೋಡ್ತಿದ್ರು. ಒಂದೇ ಒಂದ್ಸಲ ಹತ್ತಿರ ಬಂದು, "ಯಾರ ಗಾಡೀಲಿ ಕಬ್ಬು ಜಾಸ್ತಿ ಐತೆ?" ಅಂತ ಕೇಳಿ ಹೋದ್ರು. ಅಷ್ಟೇ. ಆಮೇಲೆ ಕಾಲು ಗಂಟೆ ಹೈಕ್ಳು ಎಣಿಸ್ತಾನೇ ಇದ್ವು.

3/7

ಈಗ ಇದನ್ನೇ ಬಿಡಿಸಿ ನೋಡಿ.

ಉದ್ದ-ಚಿಕ್ಕ ಬೇರೆ ಮಾಡೋದು ಗಣಿತ. ಬಿದ್ದಾಗ ಯಾಕೆ ಬಿತ್ತು ಅಂತ ನೋಡಿ ಬೇರೆ ಥರ ಮಾಡೋದು ವಿಜ್ಞಾನ. ಡ್ರೈವರ್ ಜಗಳ ಮಾತಲ್ಲೇ ಬಗೆಹರಿಯೋದಿದೆಯಲ್ಲ, ಅದಕ್ಕೆ ಭಾಷೇನೂ ಬೇಕು, ಸಿಟ್ಟು ತಡ್ಕೊಳ್ಳೋ ಶಕ್ತೀನೂ ಬೇಕು. ಇಟ್ಟಿಗೆಯನ್ನ ಟ್ರ್ಯಾಕ್ಟರ್ ಅಂತ ಒಪ್ಕೊಳ್ಳೋದು ಇನ್ನೂ ದೊಡ್ಡದು. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಅಂತ ಮಗುಗೆ ಗೊತ್ತಾಯ್ತು ಅಂತ ಅರ್ಥ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಕೋಲನ್ನ ಕುದುರೆ ಮಾಡ್ಕೊಳ್ಳೋ ಮಗುವಿನ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ್ದು. ಯೋಚನೆ ಮಾಡಿ, ‘ಅ’ ಅನ್ನೋ ಗೆರೆ ಒಂದು ಸದ್ದಿನ ಬದಲಿಗೆ ನಿಲ್ಲೋದೂ ಹಂಗೇ ತಾನೇ? ಇಟ್ಟಿಗೆ ಟ್ರ್ಯಾಕ್ಟರ್ ಆಗದೇ ಇರೋ ತಲೇಲಿ ಅಕ್ಷರ ಸದ್ದಾಗೋದು ಕಷ್ಟ.

ಸುಮ್ನೆ ನಿಂತು ನೋಡ್ತಿದ್ದ ಆ ಮಗುನ ಯಾರಾದ್ರೂ ‘ಮಂಕು’ ಅಂದುಬಿಡ್ತಾರೆ. ಆದ್ರೆ ಅಮೆರಿಕದ ಮಿಲ್‌ಡ್ರೆಡ್ ಪಾರ್ಟನ್ ಅನ್ನೋರು 1932ರಲ್ಲೇ ಮಕ್ಕಳ ಆಟ ಗಮನಿಸಿ ಅದರಲ್ಲಿರೋ ಬಗೆಗಳನ್ನ ಬರೆದಿಟ್ಟಿದ್ದಾರೆ. ಒಂಟಿಯಾಗಿ ಆಡೋದು, ನಿಂತು ನೋಡೋದು, ಪಕ್ಕಪಕ್ಕ ಕೂತು ಬೇರೆಬೇರೆ ಆಡೋದು, ಆಮೇಲೆ ಜೊತೆಗೂಡಿ ಆಡೋದು. ನಿಂತು ನೋಡೋದೂ ಆಟಕ್ಕೆ ಸೇರೋ ಒಂದು ದಾರಿ. ಟೀಚರ್ ಆ ಮಗುನ "ಹೋಗು ಆಡು" ಅಂತ ತಳ್ಳಲಿಲ್ಲ. ಅದು ಕೆಲಸ ಮಾಡದೇ ಇರೋದಲ್ಲ, ಗೊತ್ತಿದ್ದು ಕಾಯೋದು.

ಪೆನ್ಸಿಲ್ ವಿಷಯಾನೂ ಹೇಳಿಬಿಡ್ತೀನಿ. ಮೂರು ವರ್ಷಕ್ಕೆ ಬೆರಳು, ಮಣಿಕಟ್ಟು ಇನ್ನೂ ಬಲಿಯುತ್ತಿರುತ್ತೆ. ಮಣ್ಣು ಕಲಸೋದು, ಕಾಗದ ಹರಿಯೋದು, ಕಡ್ಡಿ ಜೋಡಿಸೋದು, ಇದೆಲ್ಲಾ ಬರೆಯೋ ಕೈನ ತಯಾರು ಮಾಡೋ ಕೆಲಸಾನೇ.

4/7

ನನ್ನ ಮಾತು ನಂಬಬೇಡಿ, ಮನೇಲೇ ಟ್ರೈ ಮಾಡಿ.

ನಾಲ್ಕು ವರ್ಷದ ಮಗು ಮುಂದೆ ಐದು ನಾಣ್ಯ ಒಂದು ಸಾಲು, ಅದರ ಕೆಳಗೆ ಸರಿಯಾಗಿ ಇನ್ನೈದು ನಾಣ್ಯ ಒಂದು ಸಾಲು ಇಡಿ. ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಎರಡೂ ಒಂದೇ ಅನ್ನುತ್ತೆ. ಈಗ ಮಗು ನೋಡ್ತಿರೋ ಹಾಗೇ ಕೆಳಗಿನ ಸಾಲನ್ನ ಅಗಲ ಮಾಡಿ. ನಾಣ್ಯ ಸೇರಿಸಬೇಡಿ, ತೆಗೀಬೇಡಿ. ಮತ್ತೆ ಕೇಳಿ. ಆ ವಯಸ್ಸಿನ ತುಂಬಾ ಮಕ್ಕಳು ಉದ್ದದ ಸಾಲನ್ನೇ ತೋರಿಸ್ತವೆ. (ಆಟ ಮುಗಿದ ಮೇಲೆ ನಾಣ್ಯ ಎಣಿಸಿ ವಾಪಸ್ ತಗೊಳ್ಳಿ, ಬಾಯಿಗೆ ಹಾಕ್ಕೊಂಡ್ರೆ ಕಷ್ಟ.)

ಇದು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಮಾಡಿ ತೋರಿಸಿದ ಪ್ರಯೋಗ. ನೂರರವರೆಗೆ ಗಿಳಿಪಾಠ ಒಪ್ಪಿಸೋ ಮಗೂನೂ ಇಲ್ಲಿ ಮುಗ್ಗರಿಸಬಹುದು. ಯಾಕಂದ್ರೆ ಅಂಕಿ ಹೇಳೋದು ಬೇರೆ, ಐದು ಅಂದ್ರೆ ಐದೇ ಅಂತ ಗೊತ್ತಾಗೋದು ಬೇರೆ. ಎರಡನೇದು ಬಾಯಿಪಾಠದಿಂದ ಬರಲ್ಲ, ಮುಟ್ಟಿ, ಸುರಿದು, ಜೋಡಿಸಿ ಬರುತ್ತೆ.

ನಮ್ಮ ಅಜ್ಜಿಯರಿಗೆ ಇದು ಪಿಯಾಜೆ ಓದದೇ ಗೊತ್ತಿತ್ತು. ಅಳಗುಳಿ ಮಣೆ ನೆನಪಿದೆಯಾ? ಒಂದೊಂದು ಕಡೆ ಏಳು ಗುಳಿ, ಒಟ್ಟು ಹದಿನಾಲ್ಕು. ಒಂದು ಗುಳಿಗೆ ಒಂದೇ ಬೀಜ ಬಿಡ್ತಾ ಹೋಗಬೇಕು. ಒಂದಕ್ಕೆ ಒಂದು ಅನ್ನೋ ಲೆಕ್ಕದ ಬುನಾದಿ ಅಲ್ಲೇ ಇದೆ. ಇದಕ್ಕೆ ದುಡ್ಡೂ ಬೇಕಾಗಿಲ್ಲ. ಶ್ರೀರಂಗಪಟ್ಟಣದ ಕಡೆ ಹೊಳೆ ಕಲ್ಲು, ನಾಗಮಂಗಲದ ಕಡೆ ತೆಂಗಿನ ಚಿಪ್ಪು, ಕೆ.ಆರ್. ಪೇಟೆಯ ಮನೆಮನೇಲೂ ಹುಣಸೆ ಬೀಜ. ಸ್ವಲ್ಪ ದೊಡ್ಡ ಮಕ್ಕಳಿಗೆ, ದೊಡ್ಡೋರು ಜೊತೇಲಿದ್ದಾಗ, ಇಷ್ಟು ಸಾಕು.

5/7

ಈಗ ನಮ್ಮ ಬಿಕಾಂ ತಲೆ ಓಡಿಸೋಣ.

ಮೂರು ವರ್ಷ ತುಂಬೋದ್ರೊಳಗೆ ವ್ಯಾನು, ಟೈ, ಶೂ, ಫೀಸು. ಸಾಲ ಮಾಡಿಯಾದ್ರೂ ಸೇರಿಸ್ತೀವಿ. ಸಂಜೆ ನೋಟ್‌ಬುಕ್ ತೆಗೆದು ನೋಡಿದ್ರೆ ಪೇಜ್ ತುಂಬಾ ಎ ಬಿ ಸಿ ಡಿ. ಕೊಟ್ಟ ದುಡ್ಡಿಗೆ ಸಾಕ್ಷಿ ಸಿಕ್ತು ಅಂತ ಸಮಾಧಾನ. ಆಟಕ್ಕೆ ಆ ಥರ ವೋಚರ್ ಇಲ್ಲ. ಕಡ್ಡಿ ಜೋಡಿಸಿ ಕಲಿತ ಮಗು ಮನೆಗೆ ತರೋದು ಮಣ್ಣಾದ ಚಡ್ಡಿ ಮಾತ್ರ. ವೋಚರ್ ಇಲ್ಲ ಅಂತ ನಾವು ಆ ಎಂಟ್ರೀನೇ ಹೊಡೆದು ಹಾಕ್ತಿದೀವಿ. ಖರ್ಚು ಮಾಡಿದ್ದೆಲ್ಲಾ ಆಸ್ತಿ ಆಗಲ್ಲ ಅಂತ ಫಸ್ಟ್ ಸೆಮ್‌ನಲ್ಲೇ ಓದಿದೀವಿ ತಾನೇ?

ಈ ಅವಸರ ಎಲ್ಲಿಗೆ ಬಂತು ನೋಡಿ. 2025-26ರಿಂದ ಒಂದನೇ ಕ್ಲಾಸಿಗೆ ಸೇರೋಕೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಕರ್ನಾಟಕದಲ್ಲಿ ನಿಯಮ ಆಗಿತ್ತು. ಆದ್ರೆ ಅಷ್ಟೊತ್ತಿಗೆ ಎಷ್ಟೋ ಮಕ್ಕಳು ಬೇಗ ಸೇರಿ ಯುಕೆಜಿ ಮುಗಿಸಿಬಿಟ್ಟಿದ್ವು. ಮತ್ತೆ ಒಂದು ವರ್ಷ ಕೂರಿಸೋದು ಹೆಂಗೆ ಅಂತ ಪೋಷಕರು ಕೇಳಿದ್ರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸ್ತು. ಆ ತಂದೆ-ತಾಯಿಗಳ ಕಷ್ಟ ನಿಜವೇ. ಆದ್ರೆ ಮಕ್ಕಳು ಓಡಿ ಬಂದು ಗೇಟ್ ಹತ್ರ ಕಾಯೋ ಹಂಗೆ ಮಾಡಿದ್ದು ನಾವೇ ಅಲ್ವಾ?

ಖಾಸಗಿ ಸ್ಕೂಲ್ ಎಲ್ಲಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಚೆನ್ನಾಗಿ ಆಡಿಸೋ ಸ್ಕೂಲುಗಳೂ ಇವೆ. ಎಲ್ಲೇ ಸೇರಿಸಿ, ಕೇಳೋ ಪ್ರಶ್ನೆ ಬದಲಾಗಲಿ. "ಎಷ್ಟು ಬರೆಸ್ತೀರಾ?" ಬಿಟ್ಟು "ದಿನಕ್ಕೆ ಎಷ್ಟು ಹೊತ್ತು ಆಡೋಕೆ ಬಿಡ್ತೀರಾ?" ಅಂತ ಕೇಳಿ.

6/7

ಇನ್ನೊಂದು ಕಡೆ ಮಾತೂ ಇದೆ, ಅದನ್ನ ಮುಚ್ಚಿಡಬಾರದು. "ಅಂಗನವಾಡೀಲಿ ಆಟಾನೂ ಸರಿಯಾಗಿ ನಡೆಯಲ್ಲ" ಅಂತ ಹೇಳೋರು ಸುಳ್ಳು ಹೇಳ್ತಿಲ್ಲ. ಕೆಲವು ಕಡೆ ಒಂದೇ ರೂಮು, ಅಲ್ಲೇ ಅಡುಗೆ, ಅಲ್ಲೇ ಮೂಟೆ. ಟೀಚರಿಗೆ ಮಕ್ಕಳ ತೂಕ-ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು, ಬಸುರಿ-ಬಾಣಂತಿಯರ ಲೆಕ್ಕ, ಸರ್ವೆ, ಎಷ್ಟೋ ಕಡೆ ಮತದಾರರ ಪಟ್ಟಿ ಕೆಲಸ ಕೂಡ. ಮಕ್ಕಳ ಹತ್ರ ಕೂರೋಕೆ ಟೈಮ್ ಎಲ್ಲಿ?

ಆ ಕ್ಯಾಂಪಲ್ಲಿ ಟೀಚರ್ ಒಂದು ಮಾತು ಹೇಳಿದ್ರು: "ನೋಡವ್ವ, ಅಪ್ಪ-ಅಮ್ಮ ಬಂದ್ರೆ ಸ್ಲೇಟ್ ಕೇಳ್ತಾರೆ, ಆಟ ಕೇಳಲ್ಲ." ಹಂಗಾಗಿ ದಿನಾ ಮಧ್ಯಾಹ್ನ ಒಂದಿಷ್ಟು ಹೊತ್ತು ಎಲ್ಲಾ ಮಕ್ಕಳನ್ನ ಸಾಲಾಗಿ ಕೂರಿಸಿ ‘ಅ’ ತಿದ್ದಿಸ್ತಾರೆ. ನಮ್ಮನ್ನ ಮೆಚ್ಚಿಸೋಕೆ! ಆವಾಗ ಮಕ್ಕಳ ಮುಖ ನೋಡಿದ್ರೆ, ಬೆಳಿಗ್ಗೆ ಟ್ರ್ಯಾಕ್ಟರ್ ಓಡಿಸಿದೋರು ಇವರೇನಾ ಅನ್ನಿಸುತ್ತೆ.

ಈ ಯೋಜನೆ ನಮಗೆ ದೂರದ್ದಲ್ಲ. ದೇಶದಲ್ಲಿ ಐಸಿಡಿಎಸ್ 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದಾಗ, ಕರ್ನಾಟಕದ ಮೊದಲ ಜಾಗ ನಮ್ಮ ಪಕ್ಕದ ತಿ. ನರಸೀಪುರ. ಐವತ್ತು ವರ್ಷ ಆಯ್ತು. ಇವತ್ತಿಗೂ ಆ ಟೀಚರಿಗೆ ಬರೋದರ ಹೆಸರು ಸಂಬಳ ಅಲ್ಲ, ‘ಗೌರವಧನ’. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತೆ ಅಂತ ತೀರ್ಪು ಕೊಡ್ತು. ಕಾನೂನಿಗೆ ಇದು ಕೆಲಸ ಅಂತ ಕಾಣಿಸ್ತು. ನಮಗೆ ಇನ್ನೂ ‘ಬರೀ ಆಡಿಸೋದು’!

2023ರ ಬಜೆಟ್ಟಲ್ಲಿ ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ 4,000 ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಮಾಡ್ತೀವಿ ಅಂತ ರಾಜ್ಯ ಸರ್ಕಾರ ಹೇಳ್ತು. ಒಳ್ಳೇದೇ. ಆದ್ರೆ ಕೂಸನ್ನ ಮಲಗಿಸಿ, ಉಣಿಸಿ ಕಳಿಸಿದ್ರೆ ಮುಗೀಲಿಲ್ಲ. ಅದರ ಜೊತೆ ಮಾತಾಡೋರು, ಆಡೋರು, ಆಟ ನೋಡೋ ಕಣ್ಣಿರೋರು ಬೇಕು. ಅಂಥ ಕಣ್ಣಿಗೆ ಬೆಲೆ ಕೊಡದೆ ಬರೀ ಕಟ್ಟಡಕ್ಕೆ ಬಣ್ಣ ಹೊಡೆದ್ರೆ ಏನು ಬಂತು?

7/7

ನಾಲ್ಕು ಕೆಲಸ, ಕಷ್ಟದ್ದೇನಲ್ಲ.

ಒಂದು, ಈ ವಾರ ನಿಮ್ಮೂರ ಅಂಗನವಾಡಿಗೆ ಹೋಗಿ, ಟೀಚರನ್ನ ಕೇಳಿ ಹದಿನೈದು ನಿಮಿಷ ಕೂತ್ಕೊಳ್ಳಿ. ಫೋನ್ ಜೇಬಲ್ಲಿರಲಿ. ಒಂದೇ ಮಗುನ ನೋಡಿ. ಏನ್ ಮಾಡ್ತು, ಎಲ್ಲಿ ಸೋತು, ಆಮೇಲೆ ಏನ್ ಬದಲಾಯಿಸ್ತು, ಇಷ್ಟು ಬರ್ಕೊಳ್ಳಿ.

ಎರಡು, ಫೋಟೋ ತೆಗೀಬೇಡಿ. ಅಪ್ಪ-ಅಮ್ಮನ ಕೇಳದೆ ಯಾವ ಮಗುವಿನ ಮುಖಾನೂ ಇಲ್ಲಿ ಹಾಕಬೇಡಿ. ಆ ಮಗು ನಮ್ಮ ಕಂಟೆಂಟ್ ಅಲ್ಲ. ಕ್ಯಾಮೆರಾ ಕಂಡ ತಕ್ಷಣ ಆಟಾನೂ ನಿಂತುಹೋಗುತ್ತೆ.

ಮೂರು, ಗ್ರಾಮಸಭೇಲಿ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ: ಅಂಗನವಾಡಿಗೆ ಆಡೋಕೆ ಜಾಗ ಇದೆಯಾ? ನೆರಳಿದೆಯಾ? ಆಟದ ಸಾಮಾನು ಬೀರುವಿನಿಂದ ಹೊರಗೆ ಬರ್ತಿದೆಯಾ? ಹದಿನೆಂಟು ದಾಟಿದೆ, ಮತದಾರರ ಪಟ್ಟೀಲಿ ಹೆಸರಿದ್ರೆ ಅಲ್ಲಿ ಮಾತಾಡೋ ಹಕ್ಕು ನಮಗೂ ಇದೆ.

ನಾಲ್ಕು, ಸಂಜೆ ಮಗು ಮನೆಗೆ ಬಂದಾಗ "ಇವತ್ತು ಏನ್ ಬರೆಸಿದ್ರು?" ಅನ್ನಬೇಡಿ. "ಇವತ್ತು ಏನಾಟ ಆಡ್ದೆ?" ಅನ್ನಿ. ಉತ್ತರ ಉದ್ದ ಇರುತ್ತೆ, ಪೂರ್ತಿ ಕೇಳಿ.

ನಾಗಮಂಗಲದೋರು, ಕೆ.ಆರ್. ಪೇಟೆಯೋರು, ನಿಮ್ಮೂರ ಹೈಕ್ಳು ಏನೇನ್ ಆಡ್ತವೆ ಅಂತ ಕೆಳಗೆ ಬರೀರಿ. ನಮ್ಮ ಕಡೆ ಕಬ್ಬಿನ ಗಾಡಿ. ನಿಮ್ಮ ಕಡೆ ಏನು?

#ಅಂಗನವಾಡಿ #ಹೈಕ್ಳಆಟ #ಆಟಾನೇಓದು #ನಮ್ಮಮಂಡ್ಯ