ಆಯುಧ ಪೂಜೆಗೆ ಹಾರ ಹಾಕಿದ್ರಿ, ಗೇರ್ ಆಯಿಲ್ ಯಾವಾಗ ಹಾಕಿದ್ದು?

ಆಯುಧ ಪೂಜೆ ದಿನ ನಮ್ಮ ರಸ್ತೆಯ ಜೀಪು, ಪಿಕಪ್ಪು ಎಲ್ಲಾ ನೋಡ್ಕೊಂಡು ಬಂದೆ. ಫಳಫಳ ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಆರು ಜನರನ್ನ ಕೇಳಿದೆ, ಗೇರ್ ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ ಅಂತ. ಇಬ್ಬರು ನಕ್ಕರು. ಒಬ್ಬರು "ಅದನ್ನೂ ಬದಲಿಸ್ಬೇಕಾ ಮಾರಾಯ್ರೆ?" ಅಂದ್ರು. ಉಳಿದವರದ್ದು ನಾವೆಲ್ಲ ಹೇಳೋ ಮಾತೇ: "ಸದ್ದು ಬಂದ್ರೆ ನೋಡೋಣ."

ನನ್ನ ಜಗಳ ಇರೋದು ಈ ಮಾತಿನ ಜೊತೆಗೇ. ಗೇರಿನ ಹಲ್ಲಿನ ಮೇಲೆ ಗಟ್ಟಿ ಮಾಡಿದ ಒಂದು ತೆಳು ಪದರ ಇರುತ್ತೆ. ಸದ್ದು ನಿಮ್ಮ ಕಿವಿಗೆ ಬೀಳೋ ಹೊತ್ತಿಗೆ ಆ ಪದರ ಹೋಗಿಯಾಗಿರುತ್ತೆ. ಆಮೇಲೆ ಹೊಸ ಆಯಿಲ್ ಹಾಕಿದರೆ ಸದ್ದು ಸ್ವಲ್ಪ ಮುಚ್ಚುತ್ತೆ, ಅಷ್ಟೇ. ಸವೆದ ಕಬ್ಬಿಣ ವಾಪಸ್ ಬರಲ್ಲ.

ನಾನೂ ಹೀಗೇ ಇದ್ದವನು. ಮೂರು ವರ್ಷದ ಹಿಂದೆ ರೋಬಸ್ಟಾ ಕುಯ್ಲಿನ ಸಮಯ. ಸಂಜೆ ಮೇಲಿನ ಬ್ಲಾಕಿಂದ ಇಳೀತಾ ಇದ್ದೆ, ಹಿಂದೆ ಎಂಟು ಜನ ಕೆಲಸದವರು, ನಾಲ್ಕು ಮೂಟೆ ಹಣ್ಣು. ಎರಡನೇ ಗೇರಲ್ಲಿದ್ದ ಲಿವರ್ ತಾನಾಗೇ ನ್ಯೂಟ್ರಲ್ಲಿಗೆ ಬಂತು. ಎಂಜಿನ್ ಹಿಡಿತ ತಪ್ಪಿದ ಮೇಲೆ ಆ ಇಳಿಜಾರಲ್ಲಿ ಬ್ರೇಕ್ ಒಂದೇ ಏನು ಮಾಡೀತು? ಎಡಕ್ಕೆ ಬರೆಗೆ ಗುದ್ದಿಸಿ ನಿಲ್ಲಿಸಿದೆ. ಬಲಕ್ಕೆ ತಿರುಗಿದ್ದರೆ ಕೊಲ್ಲಿ. ಒಬ್ಬ ಅಕ್ಕನ ಕೈ ಮಣಿಕಟ್ಟು ಮುರೀತು. ಕುಯ್ಲಲ್ಲಿ ಅವರಿಗೆ ಕೂಲಿ ಕೆಜಿ ಲೆಕ್ಕ. ವರ್ಷಕ್ಕೊಮ್ಮೆ ನಾಲ್ಕು ಕಾಸು ಜಾಸ್ತಿ ನೋಡೋ ಸೀಸನ್ನಿಡೀ ಲೈನ್ ಮನೆ ಜಗಲಿಯಲ್ಲಿ ಕೂತರು. ಆಸ್ಪತ್ರೆ ಖರ್ಚು, ಕೂಲಿ ಕೊಟ್ಟೆ. ಆದರೂ ಅವರ ಮುಖ ನೋಡಿ ಮಾತಾಡೋಕೆ ನನಗೆ ತುಂಬಾ ದಿನ ಆಗಲಿಲ್ಲ.

ಗೇರ್ ಬಾಕ್ಸ್ ಬಿಚ್ಚಿದಾಗ ಬಂದದ್ದು ಆಯಿಲ್ ಅಲ್ಲ, ಹಾಲು ಹಾಕಿದ ಕಾಫಿ. ಬೇರಿಂಗ್ ತುಕ್ಕು ಹಿಡಿದು ಆಡ್ತಾ ಇತ್ತು, ಗೇರ್ ಕಚ್ಚಿಕೊಳ್ಳೋ ಹಲ್ಲಿನ ತುದಿ ದುಂಡಗಾಗಿತ್ತು.

ನೀರು ಎಲ್ಲಿಂದ ಬಂತು? ಮಳೆಗಾಲ ಇಡೀ ದಿನಕ್ಕೆರಡು ಸಲ ತೋಡು ದಾಟ್ತೀವಿ. ಓಡಿ ಬಿಸಿಯಾದ ಗೇರ್ ಬಾಕ್ಸು, ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ. ಕುಗ್ಗಿದ ಗಾಳಿ ಬ್ರೀದರಿಂದ, ಹಳೇ ಆಯಿಲ್ ಸೀಲಿಂದ ನೀರನ್ನ ಒಳಗೆಳೆಯುತ್ತೆ. ಬ್ರೀದರ್ ಅಂದ್ರೆ ಹೌಸಿಂಗ್ ಮೇಲಿರೋ ಆ ಪುಟ್ಟ ಮೂತಿ. ಅದು ಕೆಸರು ಕಟ್ಟಿದ್ರೆ ಇನ್ನೊಂದು ಫಜೀತಿ: ಬಿಸಿಯಾದಾಗ ಒತ್ತಡ ಹೊರಗೆ ಹೋಗೋಕೆ ದಾರಿಯಿಲ್ಲದೆ ಸೀಲನ್ನೇ ತಳ್ಳುತ್ತೆ, ಆಯಿಲ್ ಹೋಗಿ ಬ್ರೇಕ್ ಶೂ ಮೇಲೆ ಕೂರುತ್ತೆ. ಮಳೆಗಾಲಕ್ಕೆ ಮೊದಲೇ ಬ್ರೀದರಿಗೆ ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿ ಮೇಲೆ ಕಟ್ಟಿ. ಮಾಂದಲಪಟ್ಟಿಗೆ ಬಾಡಿಗೆ ಓಡಿಸೋ ನನ್ನ ಪರಿಚಯದವರೊಬ್ಬರು ಇದನ್ನ ಯಾವತ್ತೋ ಮಾಡಿದ್ದಾರೆ. ಅವರಿಗೆ ಗಾಡಿ ನಿಂತರೆ ಆ ದಿನದ ಊಟ ನಿಂತಂಗೆ, ನಮಗೆ ಹಾಗಲ್ಲ ನೋಡಿ.

ಇನ್ನು ಯಾವ ಆಯಿಲ್ ಅನ್ನೋದು. ಅಂಗಡಿಗೆ ಹೋಗಿ "90 ನಂಬರ್ ಕೊಡಿ" ಅಂತೀವಿ. ಆ ನಂಬರ್ ಹೇಳೋದು ದಪ್ಪ ಎಷ್ಟು ಅಂತ ಮಾತ್ರ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ಇನ್ನೊಂದು ಇರುತ್ತೆ, ಅದನ್ನ ಓದಿ. ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗೋವು, ಅದಕ್ಕೆ ಸಾಮಾನ್ಯವಾಗಿ ಜಿಎಲ್-5 ಬೇಕು. ಅದರಲ್ಲಿ ಗಂಧಕ, ರಂಜಕದ ಮದ್ದು ಜಾಸ್ತಿ. ಅದನ್ನೇ ಗೇರ್ ಬಾಕ್ಸಿಗೂ ಸುರಿದರೆ ಒಳಗಿನ ಹಿತ್ತಾಳೆ ಸಿಂಕ್ರೊ ರಿಂಗ್ ಹಾಳಾಗಬಹುದು, ಜಾರಿಕೆ ಜಾಸ್ತಿಯಾಗಿ ರಿಂಗ್ ಹಿಡಿಯದೇ ಗೇರ್ ಕರಕರ ಅನ್ನಬಹುದು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಬರೆದಿರುತ್ತೆ. ನಾನು ಮೊದಲು ಹೋಗ್ತಿದ್ದ ಗ್ಯಾರೇಜಲ್ಲಿ ಎಲ್ಲದಕ್ಕೂ ಒಂದೇ ಬ್ಯಾರಲ್. ತಪ್ಪು ಅವರದ್ದು ಮಾತ್ರ ಅಂತ ನಾನು ಹೇಳಲ್ಲ. ಪುಸ್ತಕ ನನ್ನ ಮನೆ ಕಪಾಟಲ್ಲೇ ಇತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

ಟ್ರ್ಯಾಕ್ಟರಿನವರಿಗೆ ಒಂದೇ ಮಾತು. ಆಯಿಲಲ್ಲಿ ಮುಳುಗಿದ ಬ್ರೇಕ್ ಇರೋ ಟ್ರ್ಯಾಕ್ಟರಾದರೆ ಗೇರು, ಹೈಡ್ರಾಲಿಕ್ಕು, ಬ್ರೇಕು ಮೂರಕ್ಕೂ ಸಾಮಾನ್ಯವಾಗಿ ಅದಕ್ಕೇ ಅಂತ ಮಾಡಿದ ಒಂದೇ ಆಯಿಲ್. ಉಳಿದಿದ್ದ 90 ನಂಬರ್ ಸುರಿಯೋಕೆ ಹೋಗ್ಬೇಡಿ.

"ಅಪ್ಪನ ಕಾಲದ ಜೀಪು ಏನೂ ಮಾಡದೆ ಓಡ್ತಿತ್ತು" ಅಂತ ಹೇಳೋರಿದ್ದಾರೆ. ಆ ಜೀಪಿಗೆ ಮೊದಲ ಗೇರಲ್ಲಿ ಸಿಂಕ್ರೊನೇ ಇರಲಿಲ್ಲ. ಮತ್ತೆ ಏನೂ ಮಾಡ್ತಿರಲಿಲ್ಲ ಅನ್ನೋದು ಸುಳ್ಳು. ಪಕ್ಕದ ತೋಟದ ನಿವೃತ್ತ ಸುಬೇದಾರ್ರು ಇಎಂಇಯಲ್ಲಿದ್ದವರು. ನೀರು ದಾಟಿದ ಗಾಡಿಯ ಆಯಿಲ್ ನೋಡದೆ ಶೆಡ್ಡಿಗೆ ಬಿಡ್ತಿರಲಿಲ್ಲ ಅಂತಾರೆ. ಅಷ್ಟು ದೂರ ಯಾಕೆ, ಕೈಲ್‌ಪೊಳ್ದಿಗೆ ಹಿರಿಯರು ಕೋವಿ, ಕತ್ತಿ ಬಿಚ್ಚಿ ಒರೆಸಿ, ಎಣ್ಣೆ ಹಚ್ಚಿ, ಆಮೇಲೆ ತೋಕ್ ಪೂ ಇಡ್ತಿದ್ದರು. ನಾವು ಹೂವು ಮಾತ್ರ ಉಳಿಸ್ಕೊಂಡಿದ್ದೀವಿ.

ಮಾಡೋದು ಕಷ್ಟ ಏನಲ್ಲ. ರಾತ್ರಿ ನಿಂತ ಗಾಡಿಯ ಡ್ರೈನ್ ಪ್ಲಗ್ ಬೆಳಿಗ್ಗೆ ಒಂಚೂರು ಸಡಿಲ ಮಾಡಿ. ನೀರು ಭಾರ, ತಳದಲ್ಲಿರುತ್ತೆ, ಬೇರೆಯಾಗಿ ನಿಂತಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತೆ. ಬದಲಿಸೋದಾದರೆ ನಾಲ್ಕು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮೊದಲು ಮೇಲಿನ ತುಂಬಿಸೋ ಪ್ಲಗ್ಗನ್ನೇ ಬಿಚ್ಚಿ. ಹಳೇ ಆಯಿಲ್ ಸುರಿದಾದ ಮೇಲೆ ಅದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಬಾಕಿ! ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣುಪು ಮಸಿಗೆ ಹೆದರ್ಬೇಡಿ, ಚೂರು ಚಕ್ಕೆ ಸಿಕ್ಕಿದ್ರೆ ಹೆದರಿ. ಮೇಲಿನ ತೂತಿನ ಅಂಚಿಗೆ ಆಯಿಲ್ ಬಂದರೆ ಸಾಕು. ಹಳೇದನ್ನ ತೋಡಿಗೆ ಸುರೀಬೇಡಿ, ಅದು ಹೋಗೋದು ಹೊಳೆಗೇ. ಖರ್ಚು, ಇವತ್ತಿನ ರೇಟಲ್ಲಿ ಅರ್ಧ ಚೀಲ ರೋಬಸ್ಟಾ ಚೆರಿಯಷ್ಟೂ ಆಗಲ್ಲ.

ಕುಯ್ಲಿಗೆ ಇನ್ನು ದಿನ ಇಲ್ಲ. ಈ ಭಾನುವಾರ ಬೆಳಿಗ್ಗೆ ನನ್ನ ಜೀಪಿಂದು ಬಿಚ್ತೀನಿ. ಸ್ಪ್ಯಾನರ್ ಸೆಟ್ಟು, ಆಯಿಲ್ ತುಂಬಿಸೋ ಪಂಪು ಎರಡೂ ಇದೆ. ಆಯಿಲ್ ನೀವು ತನ್ನಿ, ಪುಸ್ತಕ ಓದ್ಕೊಂಡು ತನ್ನಿ.