ಮನೆವಾರ್ತೆ: ಗಡಿಯಂಚಿನ ಮನೆಗೆ ಎರಡನೆಯ ಕಾರು

ಮಂಜೇಶ್ವರದ ಕಡೆಯ ಸೋದರಿಯೊಬ್ಬರ ಪತ್ರವು ಕಳೆದ ತಿಂಗಳು ಕೈಸೇರಿತು. ಅವರ ಮಗಳು, ಅಳಿಯ ಮತ್ತು ಆರು ವರ್ಷದ ಮೊಮ್ಮಗ ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ನೆಲೆಸಿದ್ದಾರೆ. ಮನೆಯಲ್ಲಿರುವ ಒಂದೇ ಪೆಟ್ರೋಲ್ ಕಾರನ್ನು ಅಳಿಯಂದಿರು ಪಶ್ಚಿಮ ದಿಕ್ಕಿನ ರೆಡಿಂಗ್ ನಗರದ ತಮ್ಮ ಕಚೇರಿಗೆ ಒಯ್ಯುತ್ತಾರೆ. ಮಗಳಿಗೆ ಈಗ ಲಂಡನ್ನಿನ ಎಲ್ಲೆಯೊಳಗಿನ ಆಸ್ಪತ್ರೆಯೊಂದರಲ್ಲಿ ವಾರಕ್ಕೆ ಮೂರು ರಾತ್ರಿಯ ದಾದಿ ಕೆಲಸ ದೊರೆತಿದೆ. 2013ರ ಡೀಸೆಲ್ ಕಾರೊಂದು ಅಗ್ಗಕ್ಕೆ ಬಂದಿದೆ, ಕೊಳ್ಳೋಣವೆಂದು ಅಳಿಯಂದಿರು. ಅದು ಬೇಡವೇ ಬೇಡವೆಂದು ಮಗಳು. "ಗಾಡಿಯ ಹೊಗೆಗೂ ಸುಂಕ ಉಂಟೇ? ಇವರಿಬ್ಬರಲ್ಲಿ ಯಾರ ಮಾತು ಸರಿ?" ಎಂಬುದು ಸೋದರಿಯ ಪ್ರಶ್ನೆ.

ಸುಂಕ ಉಂಟು. 2019ರ ಏಪ್ರಿಲ್ 8ರಂದು ಲಂಡನ್ನಿನ ನಡುಭಾಗದಲ್ಲಿ 'ಅತಿ ಕಡಿಮೆ ಹೊಗೆಯ ವಲಯ'ವೊಂದು ಜಾರಿಗೆ ಬಂದಿತು. ಅಲ್ಲಿಯ ಜನ ಅದನ್ನು ಚುಟುಕಾಗಿ 'ಯೂಲೆಜ್' ಎನ್ನುತ್ತಾರೆ. 2021ರ ಅಕ್ಟೋಬರಿನಲ್ಲಿ ಅದು ಉತ್ತರ ಮತ್ತು ದಕ್ಷಿಣ ವರ್ತುಲ ರಸ್ತೆಗಳವರೆಗೆ ಹಬ್ಬಿತು. 2023ರ ಆಗಸ್ಟ್ 29ರಿಂದ ಮಹಾನಗರದ ಎಲ್ಲ ಬರೋಗಳನ್ನೂ ಆವರಿಸಿತು. ನಿಗದಿಪಡಿಸಿದ ಮಟ್ಟಕ್ಕಿಂತ ಹೆಚ್ಚು ಹೊಗೆಯುಗುಳುವ ಕಾರು ಆ ಎಲ್ಲೆಯೊಳಗೆ ಚಲಿಸಿದ ದಿನ ಹನ್ನೆರಡೂವರೆ ಪೌಂಡ್ ತೆರಬೇಕು. ಕ್ರಿಸ್‌ಮಸ್ ದಿನವೊಂದನ್ನು ಬಿಟ್ಟು ವರ್ಷವಿಡೀ, ಹಗಲಿರುಳೂ ಈ ನಿಯಮ ನಡೆಯುತ್ತದೆ. ಸ್ಲೌ ಪಟ್ಟಣವು ಈ ಎಲ್ಲೆಯ ಹೊರಗೆ, ಆದರೆ ಅದಕ್ಕೆ ತಾಗಿಕೊಂಡಂತೆಯೇ ಇದೆ.

ತಲಪಾಡಿಯನ್ನು ದಾಟಿ ಮಂಗಳೂರಿನ ಆಸ್ಪತ್ರೆಗೂ ಕಾಲೇಜಿಗೂ ಹೋಗಿಬರುವ ನಮ್ಮವರಿಗೆ ಮನೆ ಒಂದು ಕಡೆ, ಅಗತ್ಯಗಳು ಇನ್ನೊಂದು ಕಡೆ ಎಂಬ ಬಾಳುವೆ ಹೊಸದೇನಲ್ಲ. ಆದರೆ ಲಂಡನ್ನಿನ ಎಲ್ಲೆಯಲ್ಲಿ ಗೇಟೂ ಇಲ್ಲ, ಗಾಡಿ ತಡೆದು ಕೈಚಾಚುವವರೂ ಇಲ್ಲ. ರಸ್ತೆಬದಿಯ ಕ್ಯಾಮರಾ ಗಾಡಿಯ ನಂಬರನ್ನು ಓದಿಕೊಳ್ಳುತ್ತದೆ, ಅಷ್ಟೇ. ಹೋಗಿಬಂದ ದಿನದ ತರುವಾಯ ಮೂರನೆಯ ದಿನದ ನಡುರಾತ್ರಿಯೊಳಗೆ ನಾವಾಗಿಯೇ ಹಣ ಕಟ್ಟಬೇಕು. ಮರೆತರೆ 180 ಪೌಂಡ್ ದಂಡದ ಕಾಗದ ಮನೆಗೆ ಬರುತ್ತದೆ. ಹದಿನಾಲ್ಕು ದಿನಗಳೊಳಗೆ ಕಟ್ಟಿದವರಿಗೆ ಅದು ಅರ್ಧಕ್ಕಿಳಿಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ವಾರಕ್ಕೆ ಮೂರು ರಾತ್ರಿಯ ಕೆಲಸವೆಂದರೆ ಮೂರು ಸಲದ ಸುಂಕ ತಾನೇ ಎಂದು ಅಳಿಯಂದಿರು ಎಣಿಸಿದ್ದರೆ ಅದು ತಪ್ಪು. ಸುಂಕದ ದಿನವು ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಸೋಮವಾರ ಸಂಜೆ ಎಲ್ಲೆ ದಾಟಿ ಒಳಹೋದ ಮಗಳು ಮರಳುವುದು ಮಂಗಳವಾರ ಬೆಳಗ್ಗೆ. ಒಂದೇ ಪಾಳಿಗೆ ಎರಡು ದಿನದ ಸುಂಕ, ಇಪ್ಪತ್ತೈದು ಪೌಂಡ್. ಮೂರು ಪಾಳಿಗಳೂ ಸಾಲಾಗಿ ಬಂದರೆ ನಾಲ್ಕು ದಿನಗಳ ಲೆಕ್ಕ, ಅಂದರೆ 50 ಪೌಂಡ್. ನಡುವೆ ಬಿಡುವು ಬಿಟ್ಟು ಬಿಡಿಬಿಡಿಯಾಗಿ ಬಂದರೆ ಆರು ದಿನಗಳು, 75 ಪೌಂಡ್. ಕಡಿಮೆಯ ಲೆಕ್ಕವನ್ನೇ ಹಿಡಿದರೂ ವರ್ಷದ 46 ವಾರಗಳಿಗೆ 2300 ಪೌಂಡ್ ಆಯಿತು. ಅಗ್ಗದ ಕಾರು ತನ್ನ ಬೆಲೆಯನ್ನು ಹೀಗೆ ಕಂತುಕಂತಾಗಿ ವಸೂಲು ಮಾಡಿಕೊಳ್ಳುತ್ತದೆ. ಹಗಲು ಪಾಳಿಯವರಿಗಿಂತ ಇರುಳೆಲ್ಲ ರೋಗಿಗಳ ಬಳಿ ಎಚ್ಚರವಿರುವವರಿಗೇ ಹೆಚ್ಚಿನ ಸುಂಕ ಬೀಳುವ ಈ ಕ್ರಮ ನ್ಯಾಯವೆಂದು ನನಗೆ ತೋರುವುದಿಲ್ಲ. ಆದರೆ ನಿಯಮ ಇರುವುದು ಹಾಗೆ.

ಈ ಸುಂಕದಿಂದ ಪಾರಾಗಲು ಹೊಸ ಕಾರೇ ಬೇಕೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. 2005ರ ತರುವಾಯ ನೋಂದಣಿಯಾದ ಪೆಟ್ರೋಲ್ ಕಾರುಗಳು ಸಾಮಾನ್ಯವಾಗಿ ಸುಂಕಕ್ಕೆ ಹೊರತು. ಡೀಸೆಲ್ ಆದರೆ 2015ರ ಸೆಪ್ಟೆಂಬರಿನಿಂದ ಈಚಿನದಾಗಿರಬೇಕು. ಹದಿನೆಂಟು ವರ್ಷದ ಮುದಿ ಪೆಟ್ರೋಲ್ ಕಾರನ್ನು ಬಿಟ್ಟು ಅದಕ್ಕಿಂತ ಎಳೆಯ ಡೀಸೆಲ್ ಕಾರನ್ನು ಹಿಡಿಯುವುದು ಯಾವ ನೀತಿಯೆಂದು ಕೇಳುವವರುಂಟು. ನೀತಿ ಇಷ್ಟೇ: ಅಳೆಯುವುದು ವಯಸ್ಸನ್ನಲ್ಲ, ಹೊಗೆಯನ್ನು. ಪೆಟ್ರೋಲಿಗೆ 'ಯೂರೋ 4' ಮಟ್ಟವೂ ಡೀಸೆಲ್ಲಿಗೆ 'ಯೂರೋ 6' ಮಟ್ಟವೂ ಕಿಲೋಮೀಟರಿಗೆ 0.08 ಗ್ರಾಂ ಸಾರಜನಕದ ಆಕ್ಸೈಡುಗಳೆಂಬ ಒಂದೇ ಮಿತಿಯನ್ನು ವಿಧಿಸುತ್ತವೆ. ಅದಕ್ಕೆ ಹಿಂದಿನ 'ಯೂರೋ 5' ಡೀಸೆಲ್ಲಿಗೆ 0.18 ಗ್ರಾಂವರೆಗೆ ಸಲುಗೆಯಿತ್ತು. 2013ರ ಕಾರು ಬಹುಮಟ್ಟಿಗೆ ಈ ವರ್ಗಕ್ಕೇ ಸೇರುವಂಥದು.

ಡೀಸೆಲ್ ಕಾರನ್ನು ಅಲ್ಲಿಯ ಜನರಿಗೆ ರುಚಿ ಹಿಡಿಸಿದ್ದು ಸರಕಾರವೇ ಎಂಬುದನ್ನೂ ಹೇಳಬೇಕು. 2001ರಲ್ಲಿ ಹೊಸ ಕಾರುಗಳ ವಾರ್ಷಿಕ ತೆರಿಗೆಯನ್ನು ಇಂಗಾಲದ ಡೈಆಕ್ಸೈಡಿನ ಪ್ರಮಾಣಕ್ಕೆ ಹೊಂದಿಸಿದರು. ಆ ಒಂದು ಅನಿಲದ ಮಟ್ಟಿಗೆ ಡೀಸೆಲ್ ಮೇಲಾದುದರಿಂದ ಜನ ಅತ್ತ ವಾಲಿದರು. 2012ರ ಸುಮಾರಿಗೆ ಬ್ರಿಟನ್ನಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧದಷ್ಟು ಡೀಸೆಲ್ಲಿನವೇ. ಅಂದು ಸರಕಾರದ ಮಾತು ಕೇಳಿ ಕೊಂಡವರು ಇಂದು ಸುಂಕ ತೆರುತ್ತ ಗೊಣಗಿದರೆ ಅದರಲ್ಲಿ ಹುರುಳಿಲ್ಲವೆನ್ನಲಾಗದು. ಎಲ್ಲವನ್ನೂ ತಿಳಿದು ಇಂದು ಕೊಳ್ಳಹೊರಟವರಿಗೆ ಮಾತ್ರ ಆ ಸಮಾಧಾನವೂ ಇಲ್ಲ.

ಅಳಿಯಂದಿರು ಜಾಣರು, ಇದಕ್ಕೊಂದು ಉಪಾಯ ಹೂಡಬಹುದು. ಮನೆಯ ಪೆಟ್ರೋಲ್ ಕಾರನ್ನು ಹೆಂಡತಿಗೆ ಬಿಟ್ಟುಕೊಟ್ಟು, ಡೀಸೆಲ್ಲನ್ನು ತಾವು ರೆಡಿಂಗಿಗೆ ಒಯ್ಯುವುದು. ರೆಡಿಂಗ್ ಈ ವಲಯದಿಂದ ದೂರ. ಸುಂಕದ ಮಾತೇ ಇಲ್ಲ. ಯಂತ್ರದ ದೃಷ್ಟಿಯಿಂದಲೂ ಇದು ಒಪ್ಪುವಂಥದೇ. ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿರುತ್ತದೆ. ಹೆದ್ದಾರಿಯಲ್ಲಿ ಬಹುದೂರ ಓಡಿ ಕಾದಾಗ ಆ ಮಸಿ ತಾನಾಗಿ ಉರಿದುಹೋಗುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಕಾಯಿಪಲ್ಲೆ ತರುವಷ್ಟೇ ಓಡಾಟವಾದರೆ ಅದು ಕಟ್ಟಿಕೊಂಡು, ಬದಲಾಯಿಸಲು ಭಾರಿ ಖರ್ಚು ತರುತ್ತದೆ. ಎರಡನೆಯ ಕಾರಿಗೆ ಸಾಮಾನ್ಯವಾಗಿ ಗಂಟುಬೀಳುವುದು ಇಂಥ ಸಣ್ಣ ಓಡಾಟವೇ. ಆದುದರಿಂದ ಸುಂಕ ತಪ್ಪಿಸುವ ಈಚಿನ ಡೀಸೆಲ್ ಸಹ ಆ ಕೆಲಸಕ್ಕೆ ತಕ್ಕುದಲ್ಲ.

ಇಷ್ಟಾಗಿಯೂ ಈ ಅದಲುಬದಲಿನ ಉಪಾಯಕ್ಕೆ ನನ್ನ ಸಮ್ಮತಿಯಿಲ್ಲ. ದಕ್ಷಿಣ ವರ್ತುಲ ರಸ್ತೆಯ ಬಳಿ, ಲೂಯಿಷಂ ಎಂಬಲ್ಲಿ ವಾಸವಾಗಿದ್ದ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲೆ ತೀವ್ರವಾದ ಅಸ್ತಮಾದಿಂದ ನರಳಿ 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅವಳಿಗೆ ಒಂಬತ್ತು ವರ್ಷ. ತಾಯಿ ಛಲಬಿಡದೆ ಹೋರಾಡಿದ್ದರ ಫಲವಾಗಿ ಎರಡನೆಯ ಸಲ ಮರಣ ವಿಚಾರಣೆ ನಡೆದು, 2020ರ ಡಿಸೆಂಬರಿನಲ್ಲಿ ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಾಯಿತು. ಬ್ರಿಟನ್ನಿನಲ್ಲಿ ಇಂಥ ದಾಖಲೆ ಅದೇ ಮೊದಲು. ಮರುವರ್ಷದ ವಿಸ್ತರಣೆಯಲ್ಲಿ ವಲಯವು ಆ ವರ್ತುಲ ರಸ್ತೆಯವರೆಗೆ ಬಂದಿತೇ ಹೊರತು ರಸ್ತೆಯನ್ನು ಒಳಗೊಂಡಿರಲಿಲ್ಲ. 2023ರಲ್ಲಿ ಅದೂ ಸೇರಿತು. ರೆಡಿಂಗಿಗೆ ಹೊರಡುವ ಡೀಸೆಲ್ ಕಾರು ಬೆಳಗಿನ ಹೊತ್ತು ಚಾಲೂ ಆಗುವುದು ಸ್ಲೌ ಮನೆಯ ಬಾಗಿಲಲ್ಲಿ, ಆರು ವರ್ಷದ ಮೊಮ್ಮಗ ಶಾಲೆಗೆ ಹೊರಟು ನಿಂತಿರುವಲ್ಲಿ. ಸುಂಕವಿಲ್ಲದ ಹೊಗೆಯೆಂದು ಅವನ ಎಳೆಯ ಶ್ವಾಸಕೋಶ ಅದಕ್ಕೆ ರಿಯಾಯಿತಿ ತೋರೀತೇ? ಮಗಳು ಬೇಡವೆಂದದ್ದು ಹಣದ ದೃಷ್ಟಿಯಿಂದಲೋ ಮಗುವಿನ ದೃಷ್ಟಿಯಿಂದಲೋ ಪತ್ರದಲ್ಲಿಲ್ಲ. ಎರಡರಿಂದಲೂ ಅವಳ ಮಾತೇ ಸರಿ.

ವಿದ್ಯುತ್ ಕಾರು ಒಳ್ಳೆಯದೇ. ಯೂಲೆಜ್ ಸುಂಕವೂ ಇಲ್ಲ, ಕೊಳವೆಯ ಹೊಗೆಯೂ ಇಲ್ಲ. ಆದರೆ ಕಾರನ್ನು ಸ್ವಂತ ಅಂಗಳದಲ್ಲಿ ನಿಲ್ಲಿಸಿ ಇರುಳಿನಲ್ಲಿ ಚಾರ್ಜ್ ಮಾಡಲು ಅನುಕೂಲವಿದ್ದವರಿಗೆ ಅದು ಸಲೀಸು. ಸಾಲುಮನೆಯವರು ಬೀದಿಯ ಕಂಬವನ್ನು ಹುಡುಕಿ ಅಲೆಯಬೇಕು. 2025ರ ಏಪ್ರಿಲಿನಿಂದ ಅದಕ್ಕೂ ವಾರ್ಷಿಕ ತೆರಿಗೆಯುಂಟು. ಮಗಳ ಮನೆಗೆ ಅಂಗಳವಿಲ್ಲದಿದ್ದರೆ ನನ್ನ ಮತ ಒಂದು ಸಣ್ಣ, ಬಳಸಿದ ಪೆಟ್ರೋಲ್ ಕಾರಿಗೆ. ಮುಂಗಡ ಕೊಡುವ ಮೊದಲೇ ಅದರ ನಂಬರನ್ನು ಲಂಡನ್ ಸಾರಿಗೆ ಸಂಸ್ಥೆಯವರ ಜಾಲತಾಣದಲ್ಲಿ ನಮೂದಿಸಿ, ಸುಂಕವಿದೆಯೋ ಇಲ್ಲವೋ ನೋಡಿಕೊಳ್ಳಲಿ. ಮಾರುವವನ ಬಾಯಿಮಾತು ಸಾಲದು.

ಬೇಸಗೆಯಲ್ಲಿ ಮಗಳ ಮನೆಗೆ ಹೋಗುವ ಯೋಚನೆಯಿದೆಯೆಂದು ಸೋದರಿ ಪತ್ರದ ಕೊನೆಗೆ ಬರೆದಿದ್ದಾರೆ. ವಿಮಾನವಿಳಿಯುವ ಹೀಥ್ರೂ ನಿಲ್ದಾಣ ಸ್ಲೌಗೆ ಬಲು ಹತ್ತಿರ. ಆದರೆ ಅದಿರುವುದು ವಲಯದ ಒಳಗೆ. ಅಳಿಯಂದಿರು ಒಂದು ವೇಳೆ ಆ ಡೀಸೆಲ್ ಕಾರನ್ನೇ ಕೊಂಡುಬಿಟ್ಟಿದ್ದರೆ, ಅತ್ತೆಯವರನ್ನು ಕರೆದೊಯ್ಯಲು ಮಾತ್ರ ಹಳೆಯ ಪೆಟ್ರೋಲ್ ಕಾರನ್ನೇ ತರುವಂತೆ ಮುಂಚಿತವಾಗಿ ತಿಳಿಸಿರುವುದು ಒಳಿತು.