ಹಲ್ಲಿನ ಸಾಲೂ ಪರದೇಶವಾಸವೂ

ಮನುಷ್ಯನ ಶರೀರದಲ್ಲಿ ಹಲ್ಲಿನ ಮೇಲ್ಪದರದಷ್ಟು ಕಠಿಣವಾದ ವಸ್ತು ಬೇರೊಂದಿಲ್ಲವೆಂಬುದು ಅನೇಕರಿಗೆ ತಿಳಿದ ಸಂಗತಿ. ಆದರೆ ಅಷ್ಟು ಕಠಿಣವಾದ ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ದವಡೆಯಲ್ಲಿ ಅಚಲವಾಗಿ ನಿಂತಿರುವುದಿಲ್ಲ. ಮೃದುವಾದ ಒತ್ತಡವು ಬಹುದಿನ ಒಂದೇ ದಿಕ್ಕಿನಿಂದ ಬೀಳುತ್ತಿದ್ದರೆ ಅದು ನಿಂತ ನೆಲೆಯಿಂದ ಸರಿಯುವುದು ಎಂಬುದನ್ನು ಬಲ್ಲವರು ಕಡಮೆ. ಸೊಟ್ಟ ಹಲ್ಲುಗಳನ್ನು ಸಾಲಿಗೆ ತರುವ ಶಾಸ್ತ್ರವೆಲ್ಲವೂ ಈ ಒಂದು ಗುಣವನ್ನು ನಂಬಿಕೊಂಡಿದೆ. ಆ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳುವುದಕ್ಕೆ ವಾಚಕರಿಂದ ಬಂದ ಪ್ರಶ್ನೆಯೊಂದು ಕಾರಣವಾಗಿದೆ.

ಬೆಂಗಳೂರಿನ ಸೋದರಿಯೊಬ್ಬರ ಮಗಳು ಅಮೇರಿಕಾದಲ್ಲಿ ಸಂಸಾರ ಹೂಡಿರುವಳು. ಆಕೆಯ ಕೆಳಸಾಲಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿಕೊಂಡಿವೆ. ತಂತಿ ಕಟ್ಟಿಸಿಕೊಳ್ಳಲು ಆಕೆಗೆ ಮನಸ್ಸಿಲ್ಲ. ಕಣ್ಣಿಗೆ ಕಾಣದ ಪಾರದರ್ಶಕ ಅಲೈನರುಗಳೇ ಬೇಕು. ಅದಕ್ಕೆ ಅಲ್ಲಿಯ ವೈದ್ಯರು ಹೇಳಿದ ಮೊತ್ತವು ೬,೦೦೦ ಡಾಲರು. ಡಿಸೆಂಬರಿನಲ್ಲಿ ಐದು ವಾರಗಳ ರಜೆಯ ಮೇಲೆ ತವರಿಗೆ ಬಂದಾಗ ಇಲ್ಲಿಯ ಚಿಕಿತ್ಸಾಲಯವೊಂದು ಅದರ ಅರ್ಧಕ್ಕೂ ಕಡಮೆ ಹಣಕ್ಕೆ ಅಳತೆ ತೆಗೆದು, ಅಷ್ಟೂ ಅಲೈನರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟು ಕಳುಹಿಸುವುದಾಗಿ ಹೇಳಿದೆ. ಹಣವನ್ನು ಈಗಲೇ ಪೂರ್ತಿಯಾಗಿ ಕಟ್ಟಿದರೆ ರಿಯಾಯಿತಿಯೂ ಉಂಟಂತೆ. "ಕಟ್ಟಬಹುದೇ?" ಎಂಬುದು ಆ ತಾಯಿಯ ಪ್ರಶ್ನೆ. ಮಕ್ಕಳು ಪರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುವುದರಿಂದ ಉತ್ತರವನ್ನು ಎಲ್ಲರಿಗಾಗಿ ಬರೆಯುತ್ತಿದ್ದೇವೆ.

ಮೊದಲು ಈ ಸಾಧನವು ಕೆಲಸ ಮಾಡುವ ಬಗೆಯನ್ನು ತಿಳಿಯುವುದು ಅವಶ್ಯವು. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ನವಿರಾದ ನಾರಿನ ಪದರವೊಂದಿದೆ. ಹಲ್ಲನ್ನು ಒಂದು ಕಡೆಗೆ ಒತ್ತಿದರೆ, ಒತ್ತಡ ಬಿದ್ದ ಕಡೆಯ ಎಲುಬನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ಸೆಳೆತ ಬಿದ್ದ ಕಡೆಯಲ್ಲಿ ಬೇರೆ ಜೀವಕೋಶಗಳು ಹೊಸ ಎಲುಬನ್ನು ಕಟ್ಟುತ್ತವೆ. ಹೀಗೆ ಹಲ್ಲು ಎಲುಬಿನೊಳಗೇ ದಾರಿ ಮಾಡಿಕೊಂಡು ನಡೆಯುವುದು. ಈ ಕಾರ್ಯವು ವಾರಗಳನ್ನು ಬೇಡುವುದೇ ಹೊರತು ಒತ್ತಾಯಕ್ಕೆ ಬಗ್ಗುವುದಿಲ್ಲ. ಅವಸರದಿಂದ ಹೆಚ್ಚು ಒತ್ತಿದರೆ ಹಲ್ಲಿನ ಬೇರೇ ಸವೆಯುವ ಅಪಾಯವುಂಟು.

ಅಲೈನರ್ ಎಂಬುದು ಹಲ್ಲಿನ ಸಾಲಿಗೆ ತೊಡಿಸುವ ತೆಳುವಾದ ಪ್ಲಾಸ್ಟಿಕ್ ಕವಚ. ಒಂದೊಂದು ಜೊತೆಯೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಮಾತ್ರ ಸರಿಸುವಂತೆ ರಚಿತವಾಗಿರುವುದು. ಒಂದರಿಂದ ಎರಡು ವಾರ ಧರಿಸಿದ ತರುವಾಯ ಮುಂದಿನ ಜೊತೆಗೆ ಹೋಗಬೇಕು. ಮೂರು ಮಿಲಿಮೀಟರು ಸರಿಯಬೇಕಾದ ಹಲ್ಲಿಗೆ ಹನ್ನೆರಡು ಜೊತೆಗಳು ಬೇಕಾದುವು; ಎರಡು ವಾರಗಳಂತೆ ಲೆಕ್ಕ ಹಿಡಿದರೆ ಇಪ್ಪತ್ತುನಾಲ್ಕು ವಾರಗಳು. ಹಲ್ಲು ತಿರುಗಬೇಕಾಗಿದ್ದರೆ, ಬೇರು ವಾಲಬೇಕಾಗಿದ್ದರೆ, ಕಾಲವು ಇನ್ನೂ ಹೆಚ್ಚುವುದು. ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ನಡೆಯುವುದು ಸಾಧಾರಣವಾದ ಸಂಗತಿ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೆರಡು ಗಂಟೆಗಳ ಕಾಲ ಅದು ಬಾಯಲ್ಲಿರತಕ್ಕದ್ದು. ಊಟಕ್ಕೂ ಕಾಫಿಗೂ ತೆಗೆದಿಡಬೇಕು. ಬಿಸಿಗೆ ಅದು ಸೊಟ್ಟಗಾಗುವುದು. ದಿನಕ್ಕೆ ಐದಾರು ಸಲ ಕಾಫಿ ಕುಡಿಯುವ ನಮ್ಮ ಜನರಿಗೆ ಈ ವ್ರತವು ಹಗುರವಾದುದಲ್ಲ.

ಇಷ್ಟೇ ಆಗಿದ್ದರೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ವೈದ್ಯರ ಕೈಯಿಂದಲೇ ಆಗಬೇಕಾದ ಕೆಲಸಗಳು ನಡುನಡುವೆ ಇವೆ. ಅಲೈನರು ಹಲ್ಲನ್ನು ಬಿಗಿಯಾಗಿ ಹಿಡಿಯಲೆಂದು ಹಲ್ಲಿನ ಬಣ್ಣದ್ದೇ ಆದ ಸಣ್ಣ ಗುಬುಟುಗಳನ್ನು ಕೆಲವು ಹಲ್ಲುಗಳ ಮೇಲೆ ಅಂಟಿಸುವರು. ಅವು ಊಟದಲ್ಲಿ ಕಿತ್ತು ಬರುವುದುಂಟು. ಜಾಗ ಸಾಲದಿದ್ದರೆ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಉಜ್ಜಿ ತೆರಪು ಮಾಡುವರು. ಇದನ್ನು ಎಲ್ಲಾ ಹಲ್ಲುಗಳಿಗೂ ಮೊದಲ ದಿನವೇ ಮಾಡಿ ಮುಗಿಸುವುದು ಯಾವಾಗಲೂ ಯುಕ್ತವಾಗದು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಗಣಕಯಂತ್ರದ ಪರದೆಯ ಮೇಲೆ ಹಲ್ಲು ಸರಿದಂತೆ ಬಾಯಲ್ಲಿ ಸರಿಯುವುದಿಲ್ಲ. ಹತ್ತನೆಯ ಜೊತೆಯ ಹೊತ್ತಿಗೆ ಯಾವುದೋ ಒಂದು ಹಲ್ಲು ಹಿಂದುಳಿದು, ಅಲೈನರಿನ ಅಂಚಿಗೂ ಹಲ್ಲಿಗೂ ನಡುವೆ ಸಂದು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಆಗ ಹೊಸದಾಗಿ ಅಳತೆ ತೆಗೆದು ಹೊಸ ಸರಣಿಯನ್ನೇ ಮಾಡಿಸಬೇಕಾಗುವುದು. ಹಾಗಾದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಜೊತೆಗಳಿಂದ ಪ್ರಯೋಜನವಿಲ್ಲ.

ಆದಕಾರಣ ನಾವು ಹೇಳಬೇಕೆಂದಿರುವ ಮಾತು ಇಷ್ಟೆ: ಈ ಚಿಕಿತ್ಸೆಯಲ್ಲಿ ನಾವು ಹಣ ತೆರುವುದು ಪ್ಲಾಸ್ಟಿಕ್ಕಿಗಾಗಿ ಅಲ್ಲ, ಒಂದೂವರೆ ವರ್ಷದ ಮೇಲ್ವಿಚಾರಣೆಗಾಗಿ. ಪ್ಲಾಸ್ಟಿಕ್ಕು ಕಡಲನ್ನು ದಾಟಬಲ್ಲದು; ಮೇಲ್ವಿಚಾರಣೆಯು ಅಷ್ಟು ಸುಲಭವಾಗಿ ದಾಟಲಾರದು.

ಇದಕ್ಕೆ ಈ ಶತಮಾನದ ಚರಿತ್ರೆಯೇ ಸಾಕ್ಷಿಯಾಗಿದೆ. ಹಲ್ಲಿಗೆ ತೊಡಿಸುವ ಕವಚದಿಂದಲೇ ಸಾಲನ್ನು ತಿದ್ದಬಹುದೆಂಬ ಆಲೋಚನೆಯನ್ನು ಅಮೇರಿಕಾದ ಡಾಕ್ಟರ್ ಕೆಸ್ಲಿಂಗ್ ಎಂಬವರು ೧೯೪೫ರಷ್ಟು ಹಿಂದೆಯೇ ರಬ್ಬರಿನ ಸಾಧನವೊಂದನ್ನು ಮಾಡಿ ಪ್ರಕಟಿಸಿದ್ದರು. ೧೯೯೭ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಯಾ ಚಿಷ್ಟಿ, ಕೆಲ್ಸಿ ವರ್ತ್ ಎಂಬ ಇಬ್ಬರು ಅಲೈನ್ ಟೆಕ್ನಾಲಜಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಗಣಕಯಂತ್ರದ ನೆರವಿನಿಂದ ಅಲೈನರುಗಳ ಸರಣಿಯನ್ನೇ ತಯಾರಿಸಿದರು. ಅದೇ ಇನ್‌ವಿಸಲೈನ್. ಅದರ ಮುಖ್ಯವಾದ ಪೇಟೆಂಟುಗಳಲ್ಲಿ ಕೆಲವು ೨೦೧೭ರಿಂದ ಮುಗಿಯತೊಡಗಿದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಅನೇಕ ಸಂಸ್ಥೆಗಳು ಈ ಉದ್ಯಮಕ್ಕೆ ಇಳಿದುವು, ಬೆಲೆಯೂ ಇಳಿಯಿತು.

ಇದಕ್ಕೆ ಸ್ವಲ್ಪ ಮೊದಲೇ, ೨೦೧೪ರಲ್ಲಿ, ಅಮೇರಿಕಾದಲ್ಲಿ ಸ್ಮೈಲ್‌ಡೈರೆಕ್ಟ್‌ಕ್ಲಬ್ ಎಂಬ ಸಂಸ್ಥೆಯು ಹುಟ್ಟಿತ್ತು. ರೋಗಿಯು ವೈದ್ಯರ ಬಳಿಗೆ ಹೋಗಿ ಕೂರಬೇಕಾಗಿಲ್ಲ. ಮನೆಯಲ್ಲಿಯೇ ಅಚ್ಚು ತೆಗೆದು ಕಳುಹಿಸಿದರೆ ಅಲೈನರುಗಳು ಅಂಚೆಯಲ್ಲಿ ಬರುವುವು ಎಂಬುದು ಅದರ ಕ್ರಮ. ಅಲ್ಲಿಯ ದಂತಪಂಕ್ತಿ ತಜ್ಞರ ಸಂಘವು ಇದನ್ನು ಆಕ್ಷೇಪಿಸುತ್ತಲೇ ಇತ್ತು. ಕಡೆಗೆ ೨೦೨೩ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ದಿವಾಳಿಯ ಅರ್ಜಿ ಹಾಕಿ, ಡಿಸೆಂಬರಿನಲ್ಲಿ ಬಾಗಿಲನ್ನೇ ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ಅರ್ಧ ಸರಿದ ಹಲ್ಲುಗಳೊಡನೆ ಬೇರೆ ವೈದ್ಯರನ್ನು ಹುಡುಕಿಕೊಂಡು ಹೊರಡಬೇಕಾಯಿತು. ಅರ್ಧ ಕಟ್ಟಿದ ಮನೆಗೆ ಬೀಗ ಹಾಕಿ ಹೋಗಬಹುದು. ಅರ್ಧ ಸರಿದ ಹಲ್ಲನ್ನು ಹಾಗೆ ಬಿಟ್ಟರೆ ಅದು ಬಿಟ್ಟಲ್ಲಿ ನಿಲ್ಲುವುದಿಲ್ಲ.

ಇನ್ನು ಹಣದ ಲೆಕ್ಕ. ಇಲ್ಲಿ ಮಾಡಿಸಿದರೆ ಮೂರು ಸಾವಿರ ಡಾಲರಿಗೂ ಹೆಚ್ಚು ಉಳಿಯುವುದೆಂದು ಒಪ್ಪೋಣ. ನಡುವೆ ಒಮ್ಮೆ ಹೊಸ ಅಳತೆಗಾಗಿಯೇ ಬರಬೇಕಾದರೆ ವಿಮಾನದ ವೆಚ್ಚ, ಕಳೆದುಹೋದ ರಜೆ, ಇವೆರಡೂ ಸೇರಿ ಉಳಿತಾಯದ ಹೆಚ್ಚಿನ ಭಾಗವನ್ನು ನುಂಗುವುವು. ಅಲ್ಲಿಯ ವೈದ್ಯರಿಗೆ ತೋರಿಸೋಣವೆಂದರೆ, ಇನ್ನೊಬ್ಬರು ಆರಂಭಿಸಿದ ಚಿಕಿತ್ಸೆಯನ್ನು ವಹಿಸಿಕೊಳ್ಳಲು ಅನೇಕರು ಹಿಂಜರಿಯುವರು; ವಹಿಸಿಕೊಂಡರೂ ಇಲ್ಲಿ ಕಟ್ಟಿದ ಹಣವು ಅವರ ಲೆಕ್ಕಕ್ಕೆ ಸೇರದು, ಹೊಸದಾಗಿಯೇ ಕೊಡಬೇಕು.

ಅಲ್ಲಿಯೂ ವೆಚ್ಚವನ್ನು ತಗ್ಗಿಸುವ ಮಾರ್ಗಗಳು ಇಲ್ಲದಿಲ್ಲ. ಅಮೇರಿಕಾದ ವಿಶ್ವವಿದ್ಯಾಲಯಗಳ ದಂತವೈದ್ಯಶಾಲೆಗಳಲ್ಲಿ, ತಜ್ಞತೆಗಾಗಿ ಓದುತ್ತಿರುವ ವೈದ್ಯರು ಅಧ್ಯಾಪಕರ ಕಣ್ಣಳವಿಯಲ್ಲಿ ಕಡಮೆ ಶುಲ್ಕಕ್ಕೆ ಚಿಕಿತ್ಸೆ ಮಾಡುವುದುಂಟು. ತಿಂಗಳು ತಿಂಗಳಿಗೆ ಕಂತಿನಲ್ಲಿ ಕೊಡುವ ಏರ್ಪಾಡು ಬಹು ಸಾಮಾನ್ಯ. ಉದ್ಯೋಗಸ್ಥರು ಸಂಬಳದಲ್ಲಿ ತೆರಿಗೆಗೆ ಮೊದಲೇ ವೈದ್ಯವೆಚ್ಚಕ್ಕೆಂದು ಎತ್ತಿಡುವ ಹಣವನ್ನು ಇದಕ್ಕೆ ಬಳಸಬಹುದು. ಇಂಗ್ಲೆಂಡಿನಲ್ಲಿರುವವರ ಮಕ್ಕಳು ಹದಿನೆಂಟು ವರ್ಷದೊಳಗಿನವರಾಗಿದ್ದು, ದೋಷವು ನಿಗದಿಯಾದ ಮಟ್ಟಕ್ಕಿಂತ ಹೆಚ್ಚಾಗಿದ್ದರೆ, ಸರಕಾರದ ಆರೋಗ್ಯಸೇವೆಯಲ್ಲಿಯೇ ಶುಲ್ಕವಿಲ್ಲದೆ ಹಲ್ಲಿನ ಸಾಲನ್ನು ತಿದ್ದುವರು. ಆದರೆ ಅಲ್ಲಿ ತಂತಿಯೇ ರೂಢಿ; ಅಲೈನರುಗಳನ್ನು ನಿರೀಕ್ಷಿಸಲಾಗದು. ವಯಸ್ಕರಿಗೆ ಈ ಅನುಕೂಲವು ದೊರೆಯುವುದು ವಿರಳ.

ಇಷ್ಟಾಗಿಯೂ ಊರಿನಲ್ಲಿಯೇ ಆರಂಭಿಸಬೇಕೆಂಬುವರು ಹಣ ಕೊಡುವುದಕ್ಕೆ ಮುಂಚೆ ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಚಿಕಿತ್ಸೆಯನ್ನು ನಿರ್ಧರಿಸುವವರು ಯಾರು? ಐದು ವರ್ಷದ ದಂತವೈದ್ಯದ ಪದವಿಯ ಮೇಲೆ ಮೂರು ವರ್ಷ ಆರ್ಥೊಡಾಂಟಿಕ್ಸ್ ಎಂಬ ಈ ವಿಷಯವನ್ನೇ ಓದಿ ಎಂ.ಡಿ.ಎಸ್. ಪಡೆದವರೇ, ಅಥವಾ ಅಂಗಡಿಯ ಸಲಹೆಗಾರರೇ? ವೈದ್ಯರ ಹೆಸರು ಸರಕಾರೀ ಪಟ್ಟಿಯಲ್ಲಿ ನೋಂದಾವಣೆಯಾಗಿದೆಯೇ? ೧೯೪೮ರ ಕಾಯಿದೆಯ ಕಾಲದಿಂದಲೂ ನಮ್ಮ ದೇಶದಲ್ಲಿ ಇಂತಹ ಪಟ್ಟಿಯುಂಟು. ನೋಡಿಕೊಳ್ಳುವುದಕ್ಕೆ ಸಂಕೋಚ ಬೇಡ. ಕ್ಷಕಿರಣದ ಚಿತ್ರಗಳನ್ನು ತೆಗೆದು, ಬೇರನ್ನೂ ಎಲುಬನ್ನೂ ನೋಡಿದ್ದಾರೆಯೇ? ಎರಡನೆಯ ಸರಣಿ ಬೇಕಾದರೆ ಅದರ ವೆಚ್ಚ ಯಾರದು? ಆ ತಯಾರಕರಿಗೆ ಮಗಳಿರುವ ದೇಶದಲ್ಲಿಯೂ ವೈದ್ಯರುಂಟೇ, ಅವರ ಹೆಸರಿಗೆ ಚಿಕಿತ್ಸೆಯನ್ನು ವರ್ಗಾಯಿಸುವ ಏರ್ಪಾಡುಂಟೇ? ನಡುವೆ ನಿಲ್ಲಿಸಬೇಕಾಗಿ ಬಂದರೆ ಹಿಂದಿರುಗಿ ಬರುವ ಹಣವೆಷ್ಟು? ಇವುಗಳಿಗೆ ನೇರವಾದ ಉತ್ತರ ದೊರೆಯದ ಕಡೆ ರಿಯಾಯಿತಿ ಎಷ್ಟಿದ್ದರೂ ದುಬಾರಿಯೇ ಸರಿ. ಛಾಯಾಚಿತ್ರಗಳನ್ನು ಫೋನಿನಲ್ಲಿ ತರಿಸಿಕೊಂಡು ನೋಡುವ ಪದ್ಧತಿಯಿಂದ ವೈದ್ಯರಿಗೆ ಸಹಾಯವಾಗುವುದು ನಿಜ. ಆದರೆ ಕಿತ್ತುಬಂದ ಗುಬುಟನ್ನು ಫೋನು ಅಂಟಿಸಲಾರದು.

ಓದಿಗಾಗಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ತಂದೆತಾಯಿಗಳಿಗೂ ಒಂದು ಮಾತು. ಚಿಕಿತ್ಸೆಯು ಮುಗಿಯುವ ಮೊದಲೇ ಹೊರಡುವ ಹುಡುಗನ ಕೈಯಲ್ಲಿ ಹಲ್ಲಿನ ಅಳತೆಯ ಕಡತ, ಕ್ಷಕಿರಣದ ಚಿತ್ರಗಳು, ಚಿಕಿತ್ಸೆಯ ಯೋಜನೆ, ಎಷ್ಟನೆಯ ಜೊತೆಯಲ್ಲಿದ್ದಾನೆಂಬ ಪತ್ರ, ಹಣದ ರಸೀದಿಗಳು, ಇವಿಷ್ಟೂ ಇರಲಿ. ಅಲೈನರುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ತುಂಬದೆ ಕೈಚೀಲದಲ್ಲಿಯೇ ಒಯ್ಯಲಿ. ಹಿಂದಿನ ಜೊತೆಯನ್ನು ಎಸೆಯದಿರಲಿ. ಧರಿಸಿದ ಜೊತೆಯು ಕಳೆದುಹೋದರೆ, ವೈದ್ಯರ ಮಾತು ಬರುವವರೆಗೆ ಹಲ್ಲು ಹಿಂದಿರುಗದಂತೆ ತಡೆಯುವುದು ಅದೇ.

ಇದಕ್ಕಿಂತ ಹೆಚ್ಚು ಎಚ್ಚರದಿಂದಿರಬೇಕಾದ ವಿಷಯ ಇನ್ನೊಂದಿದೆ. ಯುರೋಪಿನವರು ತುರ್ಕಿ, ಹಂಗೇರಿಗಳಿಗೂ, ಅಮೇರಿಕಾದವರು ಮೆಕ್ಸಿಕೋವಿನ ಲೋಸ್ ಆಲ್ಗೊಡೋನೆಸ್‌ಗೂ ಹಲ್ಲಿನ ಚಿಕಿತ್ಸೆಗಾಗಿ ಹೋಗುವುದುಂಟು. ಅಲ್ಲಿ ನಿಪುಣರಾದ ವೈದ್ಯರು ಇಲ್ಲವೆಂದಲ್ಲ. ಆದರೆ ಒಂದೇ ವಾರದಲ್ಲಿ ಹಲ್ಲಿನ ಸಾಲು ನೆಟ್ಟಗಾಗುವುದೆಂದು ಯಾವ ಊರಿನಲ್ಲಿ ಯಾರು ಹೇಳಿದರೂ, ಅವರು ಹಲ್ಲನ್ನು ಸರಿಸುವವರಲ್ಲ, ಆರೋಗ್ಯವಾದ ಹಲ್ಲನ್ನು ಅರೆದು ಮೇಲೆ ಟೋಪಿ ತೊಡಿಸುವವರೆಂದು ತಿಳಿಯಬೇಕು. ಅರೆದ ಹಲ್ಲಿನ ಪದರವು ಮತ್ತೆ ಬೆಳೆಯುವುದಿಲ್ಲ. ಆ ಟೋಪಿಗಳನ್ನು ಆಯುಷ್ಯದಲ್ಲಿ ಹಲವು ಬಾರಿ ಬದಲಾಯಿಸಬೇಕಾದೀತು. ಸಾಲು ಸೊಟ್ಟಗಿದ್ದರೂ ಸ್ವಂತ ಹಲ್ಲು ಸ್ವಂತ ಹಲ್ಲೇ.

ಹಾಗಾದರೆ ಆ ಮಗಳು ರಜೆಯ ಐದು ವಾರಗಳನ್ನು ವ್ಯರ್ಥಮಾಡಬೇಕೆ? ಬೇಡ. ಒಂದು ಸಲ ಮಾಡಿದರೆ ಮುಗಿಯುವ ಕೆಲಸಗಳೆಲ್ಲವನ್ನೂ ಇಲ್ಲಿ ಮಾಡಿಸಿಕೊಳ್ಳಲಿ. ಒಸಡಿನಲ್ಲಿ ರಕ್ತ ಜಿನುಗುತ್ತಿದ್ದರೆ ಮೊದಲು ಅದು ವಾಸಿಯಾಗಬೇಕು. ಉರಿಯುತ್ತಿರುವ ಒಸಡಿನಲ್ಲಿ ಹಲ್ಲನ್ನು ಸರಿಸಿದರೆ ಎಲುಬು ಕ್ಷಯಿಸುವುದು. ಹಲ್ಲು ಶುದ್ಧಿಮಾಡಿಸಿ, ಹುಳುಕಿದ್ದರೆ ತುಂಬಿಸಿ, ಬುದ್ಧಿಹಲ್ಲುಗಳನ್ನು ಪರೀಕ್ಷಿಸಿ, ಇಲ್ಲಿಯ ತಜ್ಞರೊಬ್ಬರ ಅಭಿಪ್ರಾಯವನ್ನೂ ಕೇಳಿಕೊಳ್ಳಲಿ. ಅಲೈನರೇ ಬೇಕೇ, ತಂತಿಯೇ ಮೇಲೇ ಎಂಬುದನ್ನೂ ವಿಚಾರಿಸಲಿ. ಆ ಕಾಗದಗಳನ್ನು ಹಿಡಿದು ಹಿಂದಿರುಗಿ, ತಾನು ವಾಸಿಸುವ ಊರಿನಲ್ಲಿ, ಕರೆದಾಗ ನಡೆದು ಹೋಗಬಹುದಾದ ದೂರದ ವೈದ್ಯರಲ್ಲಿ ಚಿಕಿತ್ಸೆಯನ್ನು ಹಿಡಿಯಲಿ. ಸೋದರಿಯವರು ಈಗ ಪರೀಕ್ಷೆಯ ಶುಲ್ಕವನ್ನು ಮಾತ್ರ ಕೊಟ್ಟರೆ ಸಾಕು. ಮುಂಗಡವಾಗಿ ಪೂರ್ತಿ ಹಣವನ್ನು ಕಟ್ಟುವುದು ಉಚಿತವಲ್ಲವೆಂಬುದೇ ನಮ್ಮ ಅಭಿಪ್ರಾಯ.

ಚಿಕಿತ್ಸೆಯು ಎಲ್ಲಿ ಮುಗಿದರೂ ಕಡೆಯ ಅಲೈನರಿನೊಡನೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಹೊಸ ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ಹಲ್ಲಿಗೆ ತನ್ನ ಹಳೆಯ ಜಾಗದ ನೆನಪು ಬಹುಕಾಲ ಇರುವುದು. ವೈದ್ಯರು ಕೊಡುವ ರಿಟೇನರನ್ನು ಮೊದಲು ಅವರು ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿಯ ವೇಳೆ, ವರ್ಷಾನುಗಟ್ಟಲೆ ಧರಿಸತಕ್ಕದ್ದು. ಅದು ಸವೆದಾಗ ಹೊಸದನ್ನು ಮಾಡಿಸುವುದಕ್ಕೂ ವೈದ್ಯರು ಹತ್ತಿರದಲ್ಲಿಯೇ ಇರಬೇಕು.